ಮಂಗಳಾರತಿಗೆ ಬರುತ್ತಿದ್ದ ಟೆರಿಯರ್

ಜುಲೈ 13, ಭಾನುವಾರ

ಇವತ್ತು ಮಧ್ಯಾಹ್ನ ಊಟದ ಹೊತ್ತಿಗೆ, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಮನೆಯಲ್ಲಿ ಒಂದು ನಾಯಿಯನ್ನು ಬಿಟ್ಟು ಹೋಗಲಾಗಿದೆ. ಬಿಟ್ಟು ಹೋದವಳು ನನ್ನ ಮಗಳು ಇಂಚರ. ಹಲ್ಲು ಕಿರಿದು ಒಪ್ಪಿಕೊಂಡವರು ನನ್ನ ಗಂಡ ಚಕ್ರಪಾಣಿ. ತಾರೀಖು ಹಾಕಿ ಬರೆದಿಡುತ್ತಿದ್ದೇನೆ. ಆರು ತಿಂಗಳಾದ ಮೇಲೆ "ನೀನೇ ತಾನೆ ಬೇಕು ಅಂದಿದ್ದು" ಎನ್ನುವ ಅಭ್ಯಾಸ ಈ ಮನೆಯವರಿಗಿದೆ.

ಬಿಟಿಎಂ ಲೇಔಟಿನಲ್ಲಿ ಇಂಚರ ಹೊಸದಾಗಿ ಹಿಡಿದ ಬಾಡಿಗೆ ಮನೆಯ ಓನರ್ ನಾಯಿ ಕೂಡದು ಅಂದರಂತೆ. ಅವರಿಗೆ ಬೇಡ ಎನ್ನುವ ಹಕ್ಕಿದೆ, ನನಗಿಲ್ಲ.

"ಅಮ್ಮ, ಇದು ನಾಯಿ ಥರಾನೇ ಇಲ್ಲಮ್ಮ. ಮೂರು ಕೆಜಿ ಅಷ್ಟೇ. ಒಂದು ಕುಂಬಳಕಾಯಿ ಅಂದ್ಕೋ."

"ಕುಂಬಳಕಾಯಿ ಬೊಗಳಲ್ಲ ಕಣೆ."

ದೀಪಾವಳಿವರೆಗೆ ಗಡುವು. ಅಷ್ಟರಲ್ಲಿ ಇಟ್ಟುಕೊಳ್ಳುವುದೋ, ಬೇರೆಯವರಿಗೆ ಕೊಡುವುದೋ ನಾನು ಹೇಳಬೇಕು. ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದಾಗ ಎರಡೂ ಕಡೆ ನೋಡದೆ ಒಂದು ಫೈಲಿಗೂ ನಾನು ಸಹಿ ಹಾಕಿದವಳಲ್ಲ. ನಾಯಿಗೂ ಅದೇ ನ್ಯಾಯ. ಜಾತಿ ಯಾರ್ಕ್‌ಷೈರ್ ಟೆರಿಯರ್. ಹೆಸರು ಟಾಫಿ. ಕೂದಲು ಕಣ್ಣಿಗೆ ಬೀಳದಂತೆ ನೆತ್ತಿಯ ಮೇಲೆ ರಬ್ಬರ್ ಬ್ಯಾಂಡಿನ ಜುಟ್ಟು. ಹೆಚ್ಚು ಹೇಳುವ ಅಗತ್ಯವಿಲ್ಲ.

ಜುಲೈ 17

ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಇಂಗ್ಲೆಂಡಿನ ಬಟ್ಟೆ ಗಿರಣಿಗಳಲ್ಲಿ ಇಲಿ ಹಿಡಿಯಲೆಂದು ನೇಕಾರರು ಬೆಳೆಸಿದ ಜಾತಿಯಂತೆ ಇದು. ಆಮೇಲೆ ಸಿರಿವಂತ ಹೆಂಗಸರ ಮಡಿಲು ಸೇರಿತು. ನಮ್ಮ ಮನೆಯಲ್ಲಿ ಇಲಿ ಇಲ್ಲ. ಹಾಗಾಗಿ ಗ್ಯಾಸ್ ಸಿಲಿಂಡರ್ ಗಾಡಿ, ಹೂವಿನವಳು, ಎದುರು ಮನೆಯ ಸ್ಕೂಟರು, ಎಲ್ಲವೂ ಇಲಿಯೇ. ಬೊಗಳುವುದು ಅಂದರೆ ಅದು ಬೊಗಳುವುದೂ ಅಲ್ಲ, ಕುಕ್ಕರಿನ ಸೀಟಿ.

ದಿನಾ ಬಾಚಬೇಕು. ಹಲ್ಲುಜ್ಜಬೇಕು. ನನ್ನ ಗಂಡನ ಹಲ್ಲಿನ ಬಗ್ಗೆಯೇ ನಾನು ಇಷ್ಟು ತಲೆ ಕೆಡಿಸಿಕೊಂಡವಳಲ್ಲ. ಸೋಫಾದಿಂದ ಹಾರಿದರೆ ಮಂಡಿ ಜಾರುತ್ತದಂತೆ. ಒಂದು ಹೊತ್ತು ತಿನ್ನದಿದ್ದರೆ ತಲೆ ಸುತ್ತಿ ಬೀಳುತ್ತದಂತೆ. ಮಳೆಗೆ ನಡುಗುತ್ತದೆ. ಮೂರು ಕೆಜಿ ಜೀವದಲ್ಲಿ ಇಷ್ಟೊಂದು ಕೆಡುವ ಭಾಗಗಳು!

ಪರವಾಗಿ ಒಂದೇ: ಕೂದಲು ಉದುರುವುದಿಲ್ಲ. ಕಪ್ಪು ಸೀರೆ ಉಟ್ಟು ಎತ್ತಿಕೊಂಡು ನೋಡಿದೆ. ಪರೀಕ್ಷೆಗೆಂದು, ಅಷ್ಟೇ.

ಅಡುಗೆಮನೆ, ದೇವರ ಮನೆ ಎರಡರ ಹೊಸಿಲನ್ನೂ ದಾಟುವಂತಿಲ್ಲ ಎಂದು ಇವರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ. ನಾಯಿಗೂ ಹೇಳಿದೆ. ಅದು ಕಿವಿ ನಿಮಿರಿಸಿ ಕೇಳಿಸಿಕೊಂಡಿತು. ಇವರು ಪೇಪರ್ ಓದುತ್ತಿದ್ದರು.

ಜುಲೈ 24

ಎದುರು ಮನೆಯ ಜಯದೇವಪ್ಪನವರು ಗೇಟಿನ ಹತ್ತಿರ ನಿಲ್ಲಿಸಿ ಮಾತಾಡಿಸಿದರು. ರಿಟೈರಾದ ಇಂಜಿನಿಯರು. ಬೀದಿಗೆಲ್ಲ ಕೇಳುವ ಗಂಟಲು.

"ಏನ್ ಕಾತ್ಯಾಯಿನಮ್ಮ, ಇಲಿಗೆ ಜುಟ್ಟು ಕಟ್ಟಿ ಸಾಕ್ತಿದ್ದೀರಂತೆ?"

"ನಾಯಿ ಅದು."

"ಹೌದಾ? ನಾನು ಮೊನ್ನೆ ತೋಟಕ್ಕೆ ಇಲಿ ಪಾಷಾಣ ಇಟ್ಟಿದ್ದೀನಿ. ಈ ಕಡೆ ಬಿಡ್ಬೇಡಿ ಮತ್ತೆ. ಪಾಷಾಣಕ್ಕೆ ವ್ಯತ್ಯಾಸ ಗೊತ್ತಾಗಲ್ಲ!" ಎಂದು ನಕ್ಕರು.

ನಾನು ನಗಲಿಲ್ಲ. ಈ ಬೀದಿಯಲ್ಲಿ ಎಲ್ಲರಿಗೂ ಮರೆವು, ನನಗಿಲ್ಲ. 1999ರ ಬೇಸಿಗೆಯಲ್ಲಿ ಕಾರ್ಪೊರೇಷನ್ನಿನ ವ್ಯಾನು ಬಂದು ಬೀದಿ ನಾಯಿಗಳನ್ನೆಲ್ಲ ಹಿಡಿದುಕೊಂಡು ಹೋಯಿತು. ನಮ್ಮ ಗೇಟಿನ ಮುಂದೆ ಮಲಗುತ್ತಿದ್ದ ಕಂದು ನಾಯಿ ವ್ಯಾನಿನ ಜಾಲರಿಯಿಂದ ನನ್ನನ್ನೇ ನೋಡುತ್ತಿತ್ತು. ವ್ಯಾನಿಗೆ ಫೋನ್ ಮಾಡಿದವರು ಇದೇ ಜಯದೇವಪ್ಪ. ಒಂದೂ ವಾಪಸ್ ಬರಲಿಲ್ಲ.

ಅವರ ಹೆಂಡತಿ ಕಮಲಾದೇವಿಯ ವಿಷಯ ಬೇರೆ. ಆಕೆ ಈ ಬೀದಿಗೆ ಬಂದಾಗಿನಿಂದ ಬೆಳಗಿನ ವಾಕಿಂಗು ನಾವಿಬ್ಬರೂ ಒಟ್ಟಿಗೆ. ನನ್ನ ಬಾಣಂತನಕ್ಕೆ ಅಮ್ಮ ಬರಲಾಗದೆ ಹೋದಾಗ ಇಂಚರಳಿಗೆ ಎಣ್ಣೆ ನೀರು ಹಾಕಿದವಳು ಆಕೆ. ಇಂಥ ಗಂಡನ ಜೊತೆ ಹೇಗೆ ಬಾಳಿದಳೋ.

ಆಗಸ್ಟ್ 1

ಇವತ್ತು ಒಂದು ವಿಚಿತ್ರ. ಪೂಜೆಗೆ ಕೂತು ಘಂಟೆ ಬಾರಿಸಿದ್ದೇ, ಟಾಫಿ ಎಲ್ಲಿತ್ತೋ, ಬಂದು ದೇವರ ಮನೆಯ ಹೊಸಿಲಿನ ಆಚೆ ಕೂತಿತು. ದಾಟಲಿಲ್ಲ. ಬೊಗಳಲಿಲ್ಲ. ಮಂಗಳಾರತಿ ಮುಗಿಯುವವರೆಗೆ ಜುಟ್ಟು ಕೂಡ ಅಲ್ಲಾಡಲಿಲ್ಲ. ನೈವೇದ್ಯ ಮಾಡಿದ ಒಣದ್ರಾಕ್ಷಿ, ಕಲ್ಲುಸಕ್ಕರೆಯಲ್ಲಿ ಅದಕ್ಕೂ ಒಂದು ಪಾಲು ಹಾಕಿದೆ. ಕಲ್ಲುಸಕ್ಕರೆ ಬಿಟ್ಟು ದ್ರಾಕ್ಷಿ ಮಾತ್ರ ತಿಂದು, ನನ್ನ ಬೆರಳು ನೆಕ್ಕಿತು. ಮತ್ತೆ ಸ್ನಾನ ಮಾಡಿದೆ.

ಇವರು ಹೇಳಿದರು: "ನಿನ್ನ ನಾಯಿಗೆ ಏನೋ ಪೂರ್ವಜನ್ಮದ ಪುಣ್ಯ ಇದೆ ಕಣೆ."

"ನನ್ನದಲ್ಲ. ನಿಮ್ಮ ಮಗಳದು."

ಆದರೆ ಪರವಾಗಿ ಬರೆಯಬೇಕಾದ ಮಾತು ಬರೆಯಲೇಬೇಕು. ಈ ಮನೆಯಲ್ಲಿ ಮಂಗಳಾರತಿಗೆ ಕರೆಯದೆ ಬರುವ ಜೀವ ಇನ್ನೊಂದಿಲ್ಲ.

ಆಗಸ್ಟ್ 8, ವರಮಹಾಲಕ್ಷ್ಮಿ

ಬೆಳಿಗ್ಗೆಯಿಂದ ಕಾಲು ನೆಲಕ್ಕೆ ತಾಗಿಲ್ಲ. ಸಂಜೆ ಅರಿಶಿನ ಕುಂಕುಮಕ್ಕೆ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಲಕ್ಷ್ಮಿಗಿಂತ ಹೆಚ್ಚು ದರ್ಶನ ಕೊಟ್ಟವನು ಚಿನ್ನಪ್ಪ. (ಟಾಫಿ ಎಂದು ಕರೆಯಲು ನನಗೆ ನಾಚಿಕೆಯಾಗುತ್ತದೆ. ಅಂಗಡಿಯ ಮಿಠಾಯಿ ಹೆಸರು.) ಹೊಸಿಲ ಬಳಿ ಹಾಸಿದ ಅವನ ಪುಟ್ಟ ಚಾಪೆಯ ಮೇಲೆ ಕೂತೇ ಇದ್ದ.

"ಅಯ್ಯೋ, ನಮ್ಮ ಮೊಮ್ಮಗನಿಗಿಂತ ಶಿಸ್ತಾಗಿ ಕೂತಿದಾನಲ್ರೀ ಕಾತ್ಯಾಯಿನಮ್ಮ!" ಎಂದಳು ಕಮಲಾದೇವಿ. "ನಮ್ಮನೆಯವ್ರನ್ನೂ ನಾಕು ದಿನ ಇಲ್ಲಿ ಬಿಡ್ತೀನಿ, ಕಲಿಸಿಕೊಡಿ."

ಎಲ್ಲರೂ ನಕ್ಕೆವು. ಬಂದವರೆಲ್ಲ ತಟ್ಟೆಯ ದ್ರಾಕ್ಷಿಯಲ್ಲಿ ಒಂದೆರಡು ಅವನ ಬಾಯಿಗಿಟ್ಟರು. ಒಬ್ಬೊಬ್ಬರ ಕೈಯಿಂದಲೂ ಎಷ್ಟು ನಾಜೂಕಾಗಿ ತೆಗೆದುಕೊಂಡ!

ಆಗಸ್ಟ್ 10

ಬೆಳಿಗ್ಗೆಯಿಂದ ವಾಂತಿ. ಬಿಳಿ ನೊರೆ. ಮಂಚದ ಕೆಳಗೆ ಸೇರಿಕೊಂಡಿದ್ದಾನೆ. ಸಿಲಿಂಡರ್ ಗಾಡಿ ಬಂತು, ಹೋಯಿತು. ಬೊಗಳಲಿಲ್ಲ. ಆ ಮೌನ ನನಗೆ ಹಿಡಿಸಲಿಲ್ಲ.

ಆಗಸ್ಟ್ 11

ಜಯನಗರದ ಪಶುವೈದ್ಯರಿಗೆ ತೋರಿಸಿದೆವು. ಹೆಸರು ಸುಶ್ರುತ. ಹುಡುಗನ ಮುಖ, ಆದರೆ ಕೈ ಮೆತ್ತಗಿದೆ. ರಕ್ತ ತೆಗೆದರು. ಕಿಡ್ನಿಗೆ ಏನೋ ಪೆಟ್ಟು ಬಿದ್ದ ಹಾಗಿದೆ ಎಂದರು.

"ಏನೇನು ತಿನ್ನಿಸ್ತೀರಾ ಮೇಡಂ?"

"ಪ್ಯಾಕೆಟ್ಟಿನ ಆಹಾರ. ರಾತ್ರಿ ಎರಡು ಚಮಚ ಮೊಸರನ್ನ. ಅಷ್ಟೇ."

"ಬೇರೆ ಏನೂ ಹೋಗಿಲ್ಲ ತಾನೇ? ಚಾಕ್ಲೇಟು, ಈರುಳ್ಳಿ, ದ್ರಾಕ್ಷಿ? ನಮಗೆ ಏನೂ ಆಗಲ್ಲ, ನಾಯಿಗೆ ಅವೆಲ್ಲ ವಿಷ. ಇಷ್ಟು ಸಣ್ಣ ನಾಯಿಗಂತೂ ನಾಕು ದ್ರಾಕ್ಷಿ ಸಾಕು, ಕಿಡ್ನಿ ಹೊಡೆದುಹಾಕುತ್ತೆ."

ನನಗೆ ಸಿಟ್ಟು ಬಂತು. "ನಮ್ಮ ಮನೆಗೆ ಈರುಳ್ಳಿ ಬರೋದೇ ಇಲ್ಲ ಡಾಕ್ಟ್ರೇ. ದ್ರಾಕ್ಷಿ ಹಣ್ಣನ್ನ ಈ ಮಳೆಗಾಲದಲ್ಲಿ ಯಾರು ತರ್ತಾರೆ? ನಾನು ಹೇಳಿದೆನಲ್ಲ, ಪ್ಯಾಕೆಟ್ಟು, ಮೊಸರನ್ನ. ಅದು ಬಿಟ್ಟು ಒಂದಗಳೂ ಇಲ್ಲ."

"ಹಂಗಾದ್ರೆ ಹೊರಗಡೆ ಏನೋ ತಿಂದಿರ್ಬೇಕು."

"ಇಲಿ ಪಾಷಾಣ ಇರಬಹುದಾ?"

"ಇರಬಹುದು. ನೋಡದೆ ಹೇಳಕ್ಕಾಗಲ್ಲ ಮೇಡಂ."

ಇರಬಹುದು ಎಂದರು. ಇಲ್ಲ ಎನ್ನಲಿಲ್ಲ.

ಆಗಸ್ಟ್ 14

ಈಗ ಹೊರಗೆ ಎತ್ತಿಕೊಂಡೇ ಹೋಗುತ್ತೇನೆ. ಎದುರು ಮನೆಯ ಕಾಂಪೌಂಡಿನ ಬುಡದಲ್ಲಿ ಗುಲಾಬಿ ಬಣ್ಣದ ಒಂದು ತುಂಡು ಬಿದ್ದಿತ್ತು. ಪಾಷಾಣದ ಬಿಲ್ಲೆಯೇ. ಬಗ್ಗಿ ಫೋಟೋ ತೆಗೆಯುತ್ತಿದ್ದಾಗ ಮೇಲಿನಿಂದ ಜಯದೇವಪ್ಪನವರ ದನಿ: "ಏನಮ್ಮ ಹುಡುಕ್ತಿದ್ದೀರಾ?"

"ನೀವು ಬೀಳಿಸಿದ್ದನ್ನ."

ಅವರ ನಗು ಅಷ್ಟಕ್ಕೇ ನಿಂತಿತು. ನಿಲ್ಲಲಿ.

ಚಿನ್ನಪ್ಪ ಪ್ಯಾಕೆಟ್ಟಿನ ಕಾಳನ್ನು ಮೂಸಿಯೂ ನೋಡುವುದಿಲ್ಲ. ಹತ್ತು ಸಲ ನೀರು ಕುಡಿಯುತ್ತಾನೆ. ಆದರೆ ಘಂಟೆ ಬಾರಿಸಿದರೆ ಎದ್ದು ಬರುತ್ತಾನೆ, ಕಾಲು ನಡುಗುತ್ತಿದ್ದರೂ. ಪ್ರಸಾದವೊಂದನ್ನು ಬೇಡ ಎಂದಿಲ್ಲ. ಅಷ್ಟಾದರೂ ಹೊಟ್ಟೆಗೆ ಹೋಗಲಿ ಎಂದು ಈಗ ಸ್ವಲ್ಪ ಹೆಚ್ಚೇ ಕೊಡುತ್ತೇನೆ.

ಆಗಸ್ಟ್ 19

ಇವರ ದಾಯಾದಿಯೊಬ್ಬರು ಮೈಸೂರಿನಲ್ಲಿ ತೀರಿಕೊಂಡರು. ನಮಗೂ ಹತ್ತು ದಿನ ಸೂತಕ. ದೀಪ ಇಲ್ಲ, ಪೂಜೆ ಇಲ್ಲ, ನೈವೇದ್ಯ ಇಲ್ಲ. ಈ ವರ್ಷ ಗಣೇಶನೂ ಇಲ್ಲ. ದೇವರ ಮನೆಯ ಬಾಗಿಲು ಎಳೆದುಕೊಂಡೆ.

ಇವತ್ತೇ ಬೆಳಿಗ್ಗೆ ಎದುರು ಮನೆಯವರಿಬ್ಬರೂ ದಾವಣಗೆರೆಗೆ ಹೋದರು, ಮಗಳ ಮನೆಗೆ. ಕಮಲಾದೇವಿ ಗಿಡಕ್ಕೆ ನೀರು ಹಾಕಿ ಎಂದು ಬೀಗದ ಕೈ ಕೊಟ್ಟಳು. ಕಣ್ಣಲ್ಲಿ ಕಣ್ಣಿಟ್ಟು ನೋಡಲು ನನಗೇ ಕಷ್ಟವಾಯಿತು.

ಆಗಸ್ಟ್ 25

ಚಿನ್ನಪ್ಪ ಬೊಗಳಿದ!

ಸಿಲಿಂಡರ್ ಗಾಡಿಗೆ, ಹೂವಿನವಳಿಗೆ, ಪಕ್ಕದ ಬೀದಿಯ ಗಣಪತಿ ಪೆಂಡಾಲಿನ ಮೈಕ್ ಟೆಸ್ಟಿಂಗಿಗೆ. ತಟ್ಟೆ ಖಾಲಿ ಮಾಡುತ್ತಾನೆ. ಇವರ ಒಂದು ಚಪ್ಪಲಿ ಹಾಳು ಮಾಡಿದ್ದಾನೆ, ಮಾಡಲಿ. ವಿರುದ್ಧವಾಗಿ ಬರೆದಿದ್ದ ಬೊಗಳುವಿಕೆಯನ್ನು ಇವತ್ತು ಪರವಾಗಿ ಬರೆದುಕೊಳ್ಳುತ್ತಿದ್ದೇನೆ.

ಆದರೆ ಒಂದು ವಿಷಯ ಎದೆಯಲ್ಲಿ ಕೂತಿದೆ. ಆ ಮನುಷ್ಯ ಊರಲ್ಲಿದ್ದಾಗ ನಾಯಿ ಮಲಗಿತು. ಆ ಮನುಷ್ಯ ಊರು ಬಿಟ್ಟ, ನಾಯಿ ಎದ್ದಿತು. ಬುದ್ಧಿ ಇರುವವರಿಗೆ ಇಷ್ಟು ಸಾಲದೇ? ಇವರಿಗೆ ಹೇಳಿದರೆ "ಔಷಧಿ ಕೆಲಸ ಮಾಡಿರುತ್ತೆ ಬಿಡೇ" ಎನ್ನುತ್ತಾರೆ. ಈ 'ಬಿಡೇ' ಎನ್ನುವವರಿಂದಲೇ ಈ ದೇಶ ಹೀಗಾಗಿರುವುದು.

ದಿನಾ ಬೆಳಿಗ್ಗೆ ಮುಚ್ಚಿದ ದೇವರ ಮನೆಯ ಮುಂದೆ ಕೂತು ನನ್ನ ಮುಖ ನೋಡುತ್ತಾನೆ. ಪಾಪ, ಅವನಿಗೆ ಸೂತಕ ಎಂದರೆ ಏನು ಗೊತ್ತು.

ಆಗಸ್ಟ್ 29

ಶುದ್ಧವಾಯಿತು. ದೀಪ ಹಚ್ಚಿದೆ. ಘಂಟೆ ಬಾರಿಸಿದ್ದೇ ಓಡಿ ಬಂದ ರಭಸಕ್ಕೆ ಚಾಪೆಯ ಸಮೇತ ಜಾರಿದ. ತಪ್ಪಿಹೋದ ದಿನಗಳದ್ದೂ ಸೇರಿ ಕೈತುಂಬ ಕೊಟ್ಟೆ.

ಎದುರು ಮನೆಯಲ್ಲಿ ದೀಪ ಉರಿಯುತ್ತಿದೆ. ನಿನ್ನೆ ಬಂದಿದ್ದಾರೆ.

ಸೆಪ್ಟೆಂಬರ್ 1

ಮತ್ತೆ ವಾಂತಿ. ಮತ್ತೆ ಮಂಚದ ಕೆಳಗೆ. ಎಳೆದು ತೆಗೆದರೆ ಬೆನ್ನು ಬಿಲ್ಲಿನಂತೆ ಬಾಗಿಸಿ ನರಳುತ್ತಾನೆ.

ನಾನು ಹೇಳಿದ್ದೆ. ಆ ಮನುಷ್ಯ ಊರಿಗೆ ಬಂದು ನಾಲ್ಕು ದಿನ ಆಗಿಲ್ಲ.

ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬರೆದೆ. ಇಲ್ಲಿಯೂ ಇರಲಿ: "ನಮ್ಮ ನಾಯಿಗೆ ಎರಡನೆಯ ಬಾರಿ ವಿಷಪ್ರಾಶನವಾಗಿದೆ. ಮೊದಲ ಬಾರಿ ಆದಾಗ ಜಯದೇವಪ್ಪನವರ ಕಾಂಪೌಂಡಿನ ಹೊರಗೆ ಇಲಿ ಪಾಷಾಣ ಸಿಕ್ಕಿದೆ, ಫೋಟೋ ಲಗತ್ತಿಸಿದೆ. ಅವರು ಊರಲ್ಲಿಲ್ಲದ ಹತ್ತು ದಿನ ನಾಯಿ ಆರೋಗ್ಯವಾಗಿತ್ತು. 1999ರಲ್ಲಿ ಈ ಬೀದಿಯ ನಾಯಿಗಳಿಗೆ ಏನಾಯಿತೆಂದು ಹಳಬರಿಗೆ ನೆನಪಿರಬಹುದು. ಅವರು ಎಲ್ಲರ ಎದುರು ಉತ್ತರ ಕೊಡಬೇಕು."

ಇವರು ಕನ್ನಡಕ ತೆಗೆದು ಎರಡು ಸಲ ಓದಿದರು. "ಸಾಕ್ಷಿ ಏನಿದೆ ಕಾತ್ಯಾಯಿನಿ?"

"ಹತ್ತು ದಿನ. ಅದೇ ಸಾಕ್ಷಿ."

ಇವರು ಕನ್ನಡಕ ಹಾಕಿಕೊಂಡು ಎದ್ದು ಹೋದರು.

ಸೆಪ್ಟೆಂಬರ್ 4

ನನ್ನ ಮಾತಿಗೆ ಬೆಲೆ ಇದೆ ಎಂದು ಗೊತ್ತಾಯಿತು. ಗುಂಪಿನಲ್ಲಿ ಒಬ್ಬೊಬ್ಬರಾಗಿ ಬಾಯಿ ಬಿಡುತ್ತಿದ್ದಾರೆ. ಮೊದಲಿನಿಂದಲೂ ಅವರ ಸ್ವಭಾವ ಹಾಗೇ, ಬೆಕ್ಕಿಗೂ ಕಲ್ಲು ಹೊಡೆಯುತ್ತಾರೆ, ಹೀಗೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಚನ್ನವೀರ ಫೋನ್ ಮಾಡಿ, ಹದಿನಾಲ್ಕನೇ ತಾರೀಖು ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸಭೆ ಎಂದರು.

ಜಯದೇವಪ್ಪ ವಾಕಿಂಗ್ ನಿಲ್ಲಿಸಿದ್ದಾರೆ. ಅವರ ಗೇಟಿಗೆ ಯಾರೋ 'ನಾಯಿ ಕೊಂದವನು' ಎಂದು ಬರೆದ ಕಾಗದ ಅಂಟಿಸಿದ್ದರು. ನಾನು ಅಂಟಿಸಿದ್ದಲ್ಲ. ಕಿತ್ತುಹಾಕಲೂ ಇಲ್ಲ. ಇನ್ನೂ ಸತ್ತಿಲ್ಲದ ನಾಯಿಯನ್ನು ಸತ್ತಿದೆ ಎಂದು ಬರೆದದ್ದು ಮಾತ್ರ ಅಪಶಕುನ ಎನ್ನಿಸಿತು.

ತರಕಾರಿ ಗಾಡಿಯ ಹತ್ತಿರ ಕಮಲಾದೇವಿ ಸಿಕ್ಕಳು.

"ಕಾತ್ಯಾಯಿನಮ್ಮ, ನಮ್ಮನೆಯವ್ರು ಬಾಯಿ ಜೋರು, ಒಪ್ಕೋತೀನಿ. ಇಂಥ ಕೆಲಸ ಮಾಡ್ತಾರಾ? ನೀವೇ ಹೇಳಿ. ಆವತ್ತು ಆ ವ್ಯಾನು ಬಂದಿದ್ದು ಹುಚ್ಚು ನಾಯಿ ಮಗೂನ ಕಚ್ಚಿತ್ತು ಅಂತ ಅಲ್ವಾ?"

"ನಾನು ಹೇಳೋದಲ್ಲ ಕಮಲಮ್ಮ. ಅವರು ಹೇಳಲಿ, ಎಲ್ಲರ ಮುಂದೆ."

ಆಕೆ ಆರಿಸಿದ್ದ ಬೀನ್ಸನ್ನು ಗಾಡಿಗೇ ವಾಪಸ್ ಸುರಿದು ಹೋದಳು. ಈಗ ಬೆಳಿಗ್ಗೆ ಒಬ್ಬಳೇ ನಡೆಯುತ್ತೇನೆ. ಅಭ್ಯಾಸವಾಗುತ್ತದೆ.

ಸೆಪ್ಟೆಂಬರ್ 6

ಸತ್ಯನಾರಾಯಣ ಪೂಜೆ ಮಾಡಿಸಿದೆ, ಚಿನ್ನಪ್ಪನ ಹೆಸರಿನಲ್ಲಿ. ನಾಳೆ ಹುಣ್ಣಿಮೆಗೆ ಗ್ರಹಣ, ಇವತ್ತೇ ಮುಗಿಸಿಬಿಡಿ ಎಂದರು ಪುರೋಹಿತರು. ನಾಯಿಗೆ ಗೋತ್ರ ಯಾವುದು ಹೇಳಲಿ ಎಂದು ತಮಾಷೆ ಮಾಡಿದರು. ನಮ್ಮದೇ ಹೇಳಿ ಎಂದೆ. ಇವರು ನನ್ನ ಮುಖ ನೋಡಿದರು.

ಸಪಾದ ಭಕ್ಷ್ಯ ಚೆನ್ನಾಗಿ ಬಂದಿತ್ತು. ಹದವಾಗಿ ಹುರಿದ ರವೆ, ಬಾಳೆಹಣ್ಣು, ತುಪ್ಪ, ತುಪ್ಪದಲ್ಲಿ ಉಬ್ಬಿದ ದ್ರಾಕ್ಷಿ, ಕೈ ಬಿಗಿ ಹಿಡಿಯದೆ ಹಾಕಿದ್ದೆ. ಬೆಳಿಗ್ಗೆಯಿಂದ ಕಣ್ಣು ಬಿಡದೆ ಮಲಗಿದ್ದವನು, ಮಂಗಳಾರತಿಯ ಘಂಟೆಗೆ ತಲೆ ಎತ್ತಿದ. ಚಾಪೆಯವರೆಗೆ ಬರಲು ಎರಡು ಸಲ ಕೂತು ಬಂದ. ಬಂದ ಹಾಗೇ ಮುಂಗಾಲು ಮಡಿಸಿ ಕೂತ. ಪುರೋಹಿತರೇ ಕಣ್ಣೊರೆಸಿಕೊಂಡರು.

ಹೊಸಿಲ ಒಳಗೆ ಕರೆದು ತೊಡೆಯ ಮೇಲೆ ಕೂರಿಸಿಕೊಂಡೆ. ನನ್ನ ಕೈಯಾರೆ ತಿನ್ನಿಸಿದೆ. ಬೇಡ ಎನ್ನುವಂತೆ ಮುಖ ತಿರುಗಿಸಿದ. ಪ್ರಸಾದ ಬಿಡಬಾರದಪ್ಪ ಎಂದು ಬಾಯಿ ಬಿಡಿಸಿ, ಇನ್ನೊಂದು ತುತ್ತು, ಮತ್ತೊಂದು ತುತ್ತು.

ದೀಪಾವಳಿಯ ಲೆಕ್ಕಾಚಾರ ಇನ್ನು ಬೇಡ. ಇಂಚರಳಿಗೆ ಫೋನಿನಲ್ಲಿ ಹೇಳಿದೆ: ಇವನು ಇಲ್ಲೇ ಇರುತ್ತಾನೆ.

ಸೆಪ್ಟೆಂಬರ್ 7, ಗ್ರಹಣ

ಮೂತ್ರ ನಿಂತಿದೆ. ಮೈ ತಣ್ಣಗಿದೆ. ಇಂಚರ ಓಡಿ ಬಂದಳು. ಆಸ್ಪತ್ರೆಗೆ ಸೇರಿಸಿದೆವು. ಮುಂಗಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕಿದರು. ಕೂದಲಿನ ಕೆಳಗೆ ಕಾಲು ಇಷ್ಟು ಸಣ್ಣದೆಂದು ನನಗೆ ಗೊತ್ತೇ ಇರಲಿಲ್ಲ.

ಸೆಪ್ಟೆಂಬರ್ 8

ಡಾಕ್ಟರು ನನ್ನನ್ನೂ ಇಂಚರಳನ್ನೂ ಒಳಗೆ ಕರೆದರು. ಚಿನ್ನಪ್ಪ ಅಲ್ಲಿ ವಾಂತಿ ಮಾಡಿಕೊಂಡಿದ್ದನ್ನು ಉಕ್ಕಿನ ಟ್ರೇಯಲ್ಲಿ ಇಟ್ಟಿದ್ದರು. ಬೆಳ್ಳಗಿನ ರವೆ. ಅದರ ನಡುವೆ ಉಬ್ಬಿದ ಕಂದು ಕಾಳುಗಳು.

"ಮೇಡಂ, ಇದೇನು?"

"ಪ್ರಸಾದ."

"ಇದು, ಇದು?" ಇಕ್ಕಳದ ತುದಿಯಿಂದ ಒಂದನ್ನು ಎತ್ತಿದರು.

ಇಂಚರ ಹೇಳಿದಳು: "ಒಣದ್ರಾಕ್ಷಿ."

"ನಾನು ಆವತ್ತು ಕೇಳಿದ್ದೆ. ದ್ರಾಕ್ಷಿ ಅಂದ್ರೆ ಒಣಗಿದ್ದೂ ಸೇರುತ್ತೆ, ಇನ್ನೂ ಕೆಟ್ಟದ್ದು. ಎಷ್ಟು ದಿನದಿಂದ ಕೊಡ್ತಿದ್ದೀರಾ?"

"ನೀವು ಊಟಕ್ಕೆ ಏನು ಅಂತ ಕೇಳಿದ್ರಿ. ಅದು ಊಟ ಅಲ್ಲವಲ್ಲ ಡಾಕ್ಟ್ರೇ. ಪ್ರಸಾದ ಅಲ್ವಾ?"

ಅವರು ಟ್ರೇಯ ಮೇಲೆ ಬಟ್ಟೆ ಮುಚ್ಚಿದರು. ಬೈಯಲಿಲ್ಲ. ಇಂಚರ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು: "ಸೂತಕದಲ್ಲಿ ಕೊಟ್ಟಿರ್ಲಿಲ್ಲ, ಅಲ್ವಾಮ್ಮ?"

ಸೆಪ್ಟೆಂಬರ್ 10

ನಿನ್ನೆ ಮಧ್ಯಾಹ್ನ ಹೋದ.

ಬೆಳಿಗ್ಗೆ ಘಂಟೆ ಬಾರಿಸಿದೆ. ಹೊಸಿಲಾಚೆ ಚಾಪೆ ಮಾತ್ರ ಇತ್ತು. ನೈವೇದ್ಯಕ್ಕೆ ಹಾಲು ಇಟ್ಟೆ. ಹಾಲು ಮಾತ್ರ.

ಸೆಪ್ಟೆಂಬರ್ 12

ಇಂಚರ ಫೋನಿನಲ್ಲಿ ಹೇಳಿದಳು: "ಮೀಟಿಂಗ್ ಕ್ಯಾನ್ಸಲ್ ಮಾಡ್ಸಿಬಿಡಮ್ಮ. ನಾಯಿ ಹೋಯ್ತು, ಮಾತಾಡೋ ಮನಸ್ಸಿಲ್ಲ ಅನ್ನು. ಯಾರೂ ಏನೂ ಕೇಳಲ್ಲ." ಸರಿ ಎನ್ನಿಸಿತು. ದುಃಖದ ಕಾರಣದಿಂದ ಸಭೆ ಬೇಡ ಎಂದು ಚನ್ನವೀರನಿಗೆ ಬರೆದು ಕಳಿಸಿದೆ. ಎಷ್ಟು ಸುಲಭವಾಗಿ ಒಪ್ಪಿದರು! ಗುಂಪಿನಲ್ಲಿ ಕೈಮುಗಿದ ಚಿತ್ರಗಳು, ಅಳುವ ಮುಖಗಳು. ಒಬ್ಬರು ಬರೆದಿದ್ದರು: 'ಕೊಂದವರನ್ನು ದೇವರೇ ನೋಡಿಕೊಳ್ಳಲಿ.' ಅದನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಮಧ್ಯಾಹ್ನ ಇವರು ಚಪ್ಪಲಿ ಮೆಟ್ಟಿಕೊಂಡು ಎದುರು ಮನೆಗೆ ಹೋದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬಂದವರು "ಎಲ್ಲ ಹೇಳಿದೀನಿ" ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದರು.

ಸಂಜೆ ಕಮಲಾದೇವಿ ಗೇಟಿನ ಹತ್ತಿರ ಬಂದು ನಿಂತಳು. ಒಳಗೆ ಬನ್ನಿ ಎಂದೆ. ಬರಲಿಲ್ಲ. ಆಕೆಯ ಹಿಂದೆ, ಎದುರು ಗೇಟಿನ ಮೇಲೆ, ಕಿತ್ತ ಕಾಗದದ ಅಂಟು ಇನ್ನೂ ಬೆಳ್ಳಗೆ ಉಳಿದಿತ್ತು.

"ಸಭೆ ಬೇಡ ಅಂದ್ರಂತೆ, ಮೇಡಂ."

ಇಷ್ಟು ವರ್ಷಗಳಲ್ಲಿ ಆಕೆ ನನ್ನನ್ನು ಮೇಡಂ ಎಂದದ್ದು ಇದೇ ಮೊದಲು.

"ಒಳಗೆ ಬನ್ನಿ ಕಮಲಮ್ಮ, ಕೂತು ಮಾತಾಡೋಣ."

"ಒಳಗೆ ಕೂರಿಸಿ ನನ್ನ ಕಿವೀಲಿ ಹೇಳಿದ್ರೆ ನಾನು ಕೇಳಿಸ್ಕೊಳಲ್ಲ. ನಮ್ಮನೆಯವ್ರು ಗೇಟು ದಾಟಿ ಹನ್ನೊಂದು ದಿನ ಆಯ್ತು. ಹಾಲು ತರಕ್ಕೂ ನಾನೇ ಹೋಗ್ತಿದ್ದೀನಿ, ಅಲ್ಲಿ ನಿಂತೋರು ಮಾತು ನಿಲ್ಲಿಸ್ತಾರೆ. ನೀವು ಬರೆದಿದ್ದು ಬೀದಿಗೆಲ್ಲ ಕಾಣೋ ಹಾಗೆ."

ನಾನು ಏನೋ ಹೇಳಲು ಹೋದೆ. ಆಕೆ ಕೈ ಎತ್ತಿದಳು.

"ಚನ್ನವೀರಂಗೆ ನಾನೇ ಫೋನ್ ಮಾಡಿ, ಸಭೆ ಇರ್ಲಿ ಅಂದಿದ್ದೀನಿ. ಭಾನುವಾರ ಬೆಳಿಗ್ಗೆ ನಾವಿಬ್ರೂ ಪಾರ್ಕಿಗೆ ಬರ್ತೀವಿ. ಆ ಕೂಸಿಗೆ ವಿಷ ಹಾಕಿದ್ಯಾರು ಅಂತ ನೀವೇ ಕೇಳಿದ್ರಿ, ಎಲ್ಲರ ಮುಂದೆ ಉತ್ತರ ಬೇಕು ಅಂದ್ರಿ. ನಮಗೂ ಅದೇ ಬೇಕು ಮೇಡಂ. ಬನ್ನಿ, ಎಲ್ಲರ ಮುಂದೆ ಉತ್ತರ ಕೊಡಿ."